ಗುರಲಿಂಗಪ್ಪನ ಕಾಲಿನ ರುಮಾಲು

ಆ ವರ್ಷಗಳಲ್ಲಿ ಮುಂಬಯಿಯ ಗಂಡಸರಿಗೆಲ್ಲ ಟೆರಿಲಿನ್ ಹುಚ್ಚು. ಇಸ್ತ್ರಿ ಬೇಡ, ಸುಕ್ಕಾಗುವುದಿಲ್ಲ, ಸಂಜೆ ಒಗೆದು ಹಾಕಿದರೆ ಬೆಳಿಗ್ಗೆ ಲೋಕಲ್ ಹಿಡಿಯುವಷ್ಟರಲ್ಲಿ ಮೈಮೇಲೆ. ಬೈಕುಲ್ಲಾದ ಚಾಳಿನಲ್ಲಿದ್ದ ಗುರಲಿಂಗಪ್ಪ ಮಾತ್ರ ಅದನ್ನು ಕೈಯಿಂದಲೂ ಮುಟ್ಟಿದವನಲ್ಲ. ಅರಳೆಯ ಬಟ್ಟೆ ಬಿಟ್ಟು ಬೇರೆ ಯಾವುದು ತಾಗಿದರೂ ಮೈ ಕೆರೆಯುತ್ತದೆ ಎನ್ನುತ್ತಿದ್ದ. ಹಣೆಬರಹದ ಕುಚೇಷ್ಟೆ ನೋಡಿ, ಅಂಥವನ ಎದೆಯೊಳಗೇ ಡಾಕ್ಟರುಗಳು ಒಂದು ಗೇಣು ಟೆರಿಲಿನ್ ಹೊಲಿದು ಕಳಿಸಿದರು.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅವನಿಗೆ ಬದನೆಕಾಯಿಯಷ್ಟು ಉಬ್ಬಿತ್ತು. ಉಬ್ಬಿದ್ದನ್ನು ಕತ್ತರಿಸಿ, ಆ ಜಾಗಕ್ಕೆ ಟೆರಿಲಿನ್ ಜಾತಿಯ ನೂಲಿನ ಕೊಳವೆ ಕೂಡಿಸಿದ್ದರು. ಹೆಂಡತಿ ಸುಂದ್ರವ್ವ ನಳದ ಹತ್ತಿರ ಇದನ್ನು ಹೇಳುವ ಗತ್ತೇ ಬೇರೆ. "ಮಂದಿ ಟೆರಿಲಿನ್ ಹೊರಗ ಹಾಕ್ಕೋತಾರ. ನಮ್ಮವರು ಒಳಗ ಹಾಕ್ಕೊಂಡಾರ," ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕೇಳಿದ ಹೆಂಗಸರು ಕೊಡ ತುಂಬಿದ್ದು ಮರೆತು ನಿಲ್ಲುತ್ತಿದ್ದರು.

ಗುರಲಿಂಗಪ್ಪ ಇಂಡಿ ತಾಲೂಕಿನಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಬಂದವನು. ಪಾಲಿಕೆಯ ನೀರಿನ ಖಾತೆಯಲ್ಲಿ ಚಾವಿವಾಲಾ ಎಂದರೆ ಅವನೇ. ರಸ್ತೆಯ ಅಡಿಯಲ್ಲಿರುವ ವಾಲ್ವಿಗೆ ಎದೆಯೆತ್ತರದ ಕಬ್ಬಿಣದ ಚಾವಿ ಇಳಿಬಿಟ್ಟು, ಎರಡೂ ಕೈಯಿಂದ ತಿರುವಿ, ಐದು ಗಲ್ಲಿಗಳಿಗೆ ನೀರು ಬಿಡುವುದು ಅವನ ಕೆಲಸ. ಬೆಳಿಗ್ಗೆ ಮೂವತ್ತಾರು ಸುತ್ತು ಬಿಚ್ಚಬೇಕು, ಎಂಟು ಗಂಟೆಗೆ ಮೂವತ್ತಾರು ಸುತ್ತು ಮುಚ್ಚಬೇಕು. ಅವಸರ ಮಾಡಿ ಒಮ್ಮೆಲೇ ತಿರುವಿದರೆ ಹಳೆಯ ಪೈಪು ಒಡೆಯುತ್ತದೆ. ಮೂವತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಪೈಪೂ ಒಡೆದಿರಲಿಲ್ಲ. ತಮಾಷೆಯೆಂದರೆ, ಐದು ಗಲ್ಲಿಗೆ ನೀರು ಕೊಡುವವನ ಸ್ವಂತ ಖೋಲಿ ಚಾಳಿನ ಮೂರನೇ ಮಾಳಿಗೆಯಲ್ಲಿತ್ತು. ಕೆಳಗಿನ ಖೋಲಿಗಳವರು ನಳ ಬಿಟ್ಟರೆ ಸಾಕು, ಮೂರನೇ ಮಾಳಿಗೆಗೆ ಬರಿಯ ಗಾಳಿ. ಸುಂದ್ರವ್ವ ಮದುವೆಯಾದಂದಿನಿಂದ ಕೆಳಗಿನಿಂದಲೇ ಕೊಡ ಹೊರುತ್ತಿದ್ದಳು, ಹೊರುತ್ತಲೇ ಗಂಡನ ಉದ್ಯೋಗವನ್ನು ಕೊಂಡಾಡುತ್ತಿದ್ದಳು.

ಇನ್ನು ಅವನ ರುಮಾಲು. ಹನ್ನೆರಡು ಮೊಳದವು ಎರಡಿದ್ದವು. ದಿನಕ್ಕೊಂದು ಬಿಳಿಯದು, ಹಬ್ಬಕ್ಕೊಂದು ಗುಲಾಬಿ ಬಣ್ಣದ್ದು. ಅವನ ಊರ ಕಡೆ ಒಬ್ಬ ಗಂಡಸು ರುಮಾಲು ಬಿಚ್ಚಿ ಇನ್ನೊಬ್ಬನ ಪಾದದ ಮೇಲಿಟ್ಟನೆಂದರೆ ಮುಗಿಯಿತು. ಅದಕ್ಕಿಂತ ದೊಡ್ಡ ಶರಣಾಗತಿ ಇಲ್ಲ. ಇಡಿಸಿಕೊಂಡವನೂ ಆಮೇಲೆ ಇಲ್ಲ ಅನ್ನುವ ಹಾಗಿಲ್ಲ. ಗುರಲಿಂಗಪ್ಪನ ಅಪ್ಪ ಹಾಗೊಮ್ಮೆ ಊರ ಗೌಡನ ಪಾದಕ್ಕೆ ಇಟ್ಟಿದ್ದ. ಹತ್ತು ವರ್ಷದವನಿದ್ದಾಗ ಅದನ್ನು ಕಂಡ ಮಗ, ತನ್ನ ರುಮಾಲು ಯಾರ ಪಾದಕ್ಕೂ ಬೀಳುವುದಿಲ್ಲ ಎಂದು ಆಣೆ ಮಾಡಿಕೊಂಡಿದ್ದ. ಮನುಷ್ಯ ಬಡವ, ಆದರೆ ತಲೆಯ ಮೇಲಿನ ಬಟ್ಟೆಯ ವಿಷಯದಲ್ಲಿ ಮಹಾರಾಜ.

ಎಪ್ಪತ್ತಮೂರರ ದೀಪಾವಳಿ ಮುಗಿದ ಮೇಲೆ ಆಪರೇಶನ್ ಆಯಿತು. ಮಗಳು ವಿನೋದಿನಿ ಅದೇ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು, ಕಡೆಯ ವರ್ಷ. ಎಲ್ಲ ಚೆನ್ನಾಗಿಯೇ ನಡೆಯಿತು. ಹನ್ನೆರಡನೆಯ ದಿನ ಗುರಲಿಂಗಪ್ಪನನ್ನು ಮಂಚದಿಂದ ಎಬ್ಬಿಸಿ ನಿಲ್ಲಿಸಿದರು. ನಿಂತವನು ಸಿಸ್ಟರ್ ಮುಖವನ್ನೇ ನೋಡಿ, "ವಾಲ್ವ್ ಬಂದ್ ಆತು," ಎಂದು ಹೇಳಿ, ಗೋಣಿಚೀಲದಂತೆ ಕುಸಿದ.

ದೊಡ್ಡ ಡಾಕ್ಟರು ಬಂದು ನೋಡಿದರು. ಹೊಸ ಕೊಳವೆ ಸರಿಯಾಗಿದೆ, ಆದರೆ ಕುತ್ತಿಗೆಯಿಂದ ತಲೆಗೆ ಹೋಗುವ ದಾರಿ ಸ್ವಲ್ಪ ಸಣ್ಣದಾಗಿದೆ. ಮಲಗಿದ್ದಾಗ ಮಿದುಳಿಗೆ ಸಾಕಷ್ಟು ರಕ್ತ ಹೋಗುತ್ತದೆ, ಎದ್ದ ಕೂಡಲೇ ಅದು ಕಾಲಿಗೆ ಇಳಿದುಬಿಡುತ್ತದೆ, ತಲೆಗೆ ಕಡಿಮೆ ಬೀಳುತ್ತದೆ ಎಂದರು. ಹಿಂದೆ ನಿಂತಿದ್ದ ಕಲಿಯುವ ಹುಡುಗರು ಬರೆದುಕೊಂಡರು. ಮಲಗಿದ್ದ ಗುರಲಿಂಗಪ್ಪ ಬರೆದುಕೊಳ್ಳಲಿಲ್ಲ, ಕೈ ಎತ್ತಿದ.

"ಸಾಬ್, ತೀಸರಾ ಮಾಳಾ! ಪ್ರೆಶರ್ ಕಮ್ತಿ ಹೈ. ನೀಚೇವಾಲೇ ಸಬ್ ನಳ ಖುಲ್ಲಾ ರಖತೇ ಹೈಂ!"

ಡಾಕ್ಟರಿಗೆ ಎಷ್ಟು ಖುಷಿಯಾಯಿತೆಂದರೆ ಮಂಚದ ತುದಿಯಲ್ಲೇ ಕೂತುಬಿಟ್ಟರು. ಹೌದಪ್ಪ, ತಲೆ ಮೂರನೇ ಮಾಳಿಗೆ, ಕಾಲು ಕೆಳಗಿನ ಖೋಲಿ ಎಂದು ಒಪ್ಪಿಕೊಂಡರು. ಆಮೇಲೆ ಉಪಾಯ ಹೇಳಿಕೊಟ್ಟರು. ಕೆಳಗಿನ ನಳ ಬಂದ್ ಮಾಡಬೇಕು, ಅಂದರೆ ಬೆರಳಿನಿಂದ ತೊಡೆಯವರೆಗೆ ಎರಡೂ ಕಾಲಿಗೆ ಬಿಗಿ ಪಟ್ಟಿ ಸುತ್ತಬೇಕು. ಮಂಚದ ಕಾಲ್ಕಡೆ ಇಟ್ಟಿಗೆ ಇಟ್ಟು ಎತ್ತರಿಸಬೇಕು. ನೀರು, ಉಪ್ಪು ಕಡಿಮೆ ಮಾಡಬಾರದು. ಎಲ್ಲಕ್ಕಿಂತ ಮುಖ್ಯ, ಏಳುವಾಗ ಅವಸರ ಸಲ್ಲದು. ಮೊದಲು ಕೂರಬೇಕು, ಕಾಲು ಇಳಿಬಿಡಬೇಕು, ಎಣಿಸಬೇಕು, ಆಮೇಲೆ ನಿಲ್ಲಬೇಕು. ಕಣ್ಣು ಮಬ್ಬಾದರೆ ಮರ್ಯಾದೆ ನೋಡದೆ ಅಲ್ಲೇ ಮಲಗಬೇಕು. ಕೆಲವು ತಿಂಗಳಲ್ಲಿ ಮೈ ತಾನೇ ಹೊಂದಿಕೊಳ್ಳುತ್ತದೆ.

"ಎಷ್ಟ್ ಎಣಸಬೇಕಂತ?" ಎಂದು ಗುರಲಿಂಗಪ್ಪ ಮಗಳನ್ನು ಕೇಳಿದ.

"ತೀಸ್ ಚಾಳೀಸ್ ತಕ್," ಎಂದಳು ವಿನೋದಿನಿ. ಮುಂಬಯಿಯಲ್ಲೇ ಹುಟ್ಟಿದವಳು; ಅವಳ ಕನ್ನಡ ಅರ್ಧ ದಾರಿಗೆ ಬಂದು ಗಾಡಿ ಬದಲಿಸುತ್ತಿತ್ತು.

"ಮೂವತ್ತಾರು," ಎಂದು ಗುರಲಿಂಗಪ್ಪ ತೀರ್ಮಾನ ಮಾಡಿದ. ಅಂದಿನಿಂದ ಅವನು ಏಳಬೇಕಾದರೆ ಮಂಚದ ಅಂಚಿಗೆ ಕೂತು, ಕಾಣದ ಚಾವಿಯನ್ನು ಎರಡೂ ಕೈಯಿಂದ ಹಿಡಿದು, ಗಾಳಿಯಲ್ಲಿ ಮೂವತ್ತಾರು ಸುತ್ತು ತಿರುವಿ ಆಮೇಲೆ ಏಳುತ್ತಿದ್ದ. ಅರ್ಧಕ್ಕೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ.

ಮನೆಗೆ ಕರೆತಂದದ್ದೂ ಒಂದು ಮೆರವಣಿಗೆಯೇ. ಕೆಳಗೆ ಹೋಟೆಲಿಟ್ಟಿದ್ದ ಉಡುಪಿ ಕಡೆಯ ಪೂವಪ್ಪ ತನ್ನ ಗಲ್ಲಾದ ಕುರ್ಚಿಯನ್ನೇ ಕೊಟ್ಟ. ನಾಲ್ವರು ಮಾಣಿಗಳು ಗುರಲಿಂಗಪ್ಪನನ್ನು ಅದರಲ್ಲಿ ಕೂರಿಸಿ ಮೂರು ಮಾಳಿಗೆ ಹತ್ತಿಸಿದರು. ಖೋಲಿಯಲ್ಲಿ ಮಂಚ ಹಾಕಲು ಇದ್ದದ್ದು ಒಂದೇ ಜಾಗ. ಕಾಲ್ಕಡೆ ಇಟ್ಟಿಗೆ ಇಟ್ಟ ಕೂಡಲೇ ಅವನ ಎರಡೂ ಪಾದ ನೇರವಾಗಿ ದೇವರ ಜಗುಲಿಗೆ ಎದುರಾದವು. ಸುಂದ್ರವ್ವ ಎದೆ ಬಡಿದುಕೊಂಡು, ದೇವರನ್ನು ಎತ್ತಿ ಇನ್ನೊಂದು ಗೋಡೆಗೆ ಉಪ್ಪಿನಕಾಯಿ ಭರಣಿಗಳ ಸಾಲಿಗೆ ಸೇರಿಸಿದಳು.

ಪೂವಪ್ಪನಿಗೆ ಮಾತ್ರ ಈ ಚಿಕಿತ್ಸೆ ಸಾಲದೆನಿಸಿತು. "ಎಂತ ಮಾರಾಯ್ರೆ, ಇಟ್ಟಿಗೆ ಎಂತಕ್ಕೆ? ತಲೆ ಕೆಳಗೆ ಮಾಡಿ ಗೋಡೆಗೆ ಒರಗಿ ನಿಂತ್ರೆ ಆಯ್ತಲ್ಲ. ರಕ್ತ ಓಡಿಕೊಂಡು ಬರ್ತದೆ," ಎಂದ. ವಿನೋದಿನಿ ಕಣ್ಣು ಕೆಕ್ಕರಿಸಿದಳು. ಅವನು ತೆಪ್ಪಗೆ ಕೆಳಗಿಳಿದು, ದಿನಕ್ಕೆರಡು ಲೋಟ ಉಪ್ಪು ಹಾಕಿದ ಮಜ್ಜಿಗೆ ಕಳಿಸತೊಡಗಿದ.

ಇಂಥ ಹೊತ್ತಿಗೆ ಮಗಳ ಸಂಬಂಧ ಕೂಡಿಬಂತು. ಹುಡುಗ ಈರಣ್ಣ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಬೆರಳು ಜಜ್ಜಿಕೊಂಡು ಆಸ್ಪತ್ರೆಗೆ ಬಂದವನು, ಬೆರಳು ವಾಸಿಯಾದ ಮೇಲೂ ಆರು ಸಲ ಪಟ್ಟಿ ಬದಲಿಸಲು ಬಂದಿದ್ದ. ಹುಡುಗ ಹುಡುಗಿ ಒಪ್ಪಿದ್ದರು. ತೊಡಕಿದ್ದದ್ದು ಹುಡುಗನ ಅಪ್ಪ ಅಣವೀರಪ್ಪನದು. ಬೊರಿವಲಿಯಲ್ಲಿ ಮನೆ, ಪವಾಯಿಯ ಕಟ್ಟಡದ ಸೈಟುಗಳಲ್ಲಿ ಆಳುಗಳ ಮೇಲಿನ ಮುಕಾದಮ. ಕೆಳಗೆ ನಿಂತು ನಾಲ್ಕನೇ ಮಾಳಿಗೆಯ ಗೌಂಡಿಗೆ ಕೇಳುವಂತೆ ಕೂಗಿ ಕೂಗಿ, ಪಕ್ಕದವರೊಂದಿಗೂ ಅದೇ ದನಿಯಲ್ಲಿ ಮಾತಾಡುವುದು ರೂಢಿಯಾಗಿತ್ತು. ಹೆಂಡತಿ ತೀರಿಕೊಂಡು ಮೂರು ವರ್ಷ. ಮನೆಯಲ್ಲಿ ಹೆಂಗಸರಿಲ್ಲ, ಸೊಸೆ ಬಂದವಳು ನರ್ಸಿಂಗ್ ಬಿಟ್ಟು ಮನೆ ಹಿಡಿಯಬೇಕು ಎಂಬುದು ಅವನ ಶರತ್ತು. ಅಲ್ಲದೆ ಹಿಂದೆ ಒಂದು ಸಂಬಂಧವನ್ನು, ಹುಡುಗಿಯ ಸೋದರಮಾವನಿಗೆ ಮೂರ್ಛೆ ರೋಗವಿದೆ ಎಂದು ಮುರಿದಿದ್ದವನು.

"ಪರೀಕ್ಷಾಕ್ಕ ಬರೇ ಸಾತ್ ಮಹಿನಾ ಅದ ಅಪ್ಪಾ," ಎಂದು ವಿನೋದಿನಿ ಒಂದು ಸಂಜೆ ಅವನ ಕಾಲಿಗೆ ಪಟ್ಟಿ ಸುತ್ತುತ್ತ ಹೇಳಿದಳು. ಅವಳ ಮೂಗು ಕೆಂಪಾಗಿತ್ತು. "ಅವರೂ ಬೇಕು ನನಗ. ಕಾಮ್ ಭೀ ಬೇಕು."

ಗುರಲಿಂಗಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ. "ಎರಡೂ ಕೊಡಸ್ತೀನಿ. ನಿಂತ ಮಾತಾಡಿ ಕೊಡಸ್ತೀನಿ," ಎಂದ. ನಿಲ್ಲುವುದೇ ತನಗೆ ದೊಡ್ಡ ಸಾಹಸವೆಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಸುಂದ್ರವ್ವ ಆಪರೇಶನ್ನಿನ ಸುದ್ದಿ ಮುಚ್ಚಿಟ್ಟು, ಬೀಗರಿಗೆ "ಹರ್ನಿಯಾ" ಎಂದು ಹೇಳಿ ಕಳಿಸಿದಳು. ಊರಿಗೆಲ್ಲ ಟೆರಿಲಿನ್ ಸಾರಿದವಳು ಬೊರಿವಲಿಯ ಮಟ್ಟಿಗೆ ಬಾಯಿಗೆ ಬೀಗ ಹಾಕಿದಳು. ವಿನೋದಿನಿಗೆ ಈ ಸುಳ್ಳು ಹಿಡಿಸಲಿಲ್ಲ. ಆದರೆ ಅಪ್ಪ ಅವರ ಎದುರಿಗೆ ತಲೆ ತಿರುಗಿ ಬಿದ್ದರೆ ಅದನ್ನು ಮೂರ್ಛೆ ರೋಗವೆಂದೇ ತಿಳಿಯುತ್ತಾರೆ, ಸಂಬಂಧ ಅಲ್ಲಿಗೇ ಮುಗಿಯುತ್ತದೆ ಎಂಬುದು ಅವಳಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ ಎಂದಾಯಿತು. ಬೀಗರು ಹೊಸ್ತಿಲಿಗೆ ಬಂದಾಗ ಮನೆಯ ಯಜಮಾನ ಎದ್ದು ನಿಂತು ಬರಮಾಡಿಕೊಳ್ಳದಿದ್ದರೆ ಅವಮಾನ. ಅದಕ್ಕೆ ವಿನೋದಿನಿ ಒಂದು ಹಂಚಿಕೆ ಹಾಕಿದಳು. ಬೀಗರು ಚಾಳಿನ ಗೇಟಿಗೆ ಬಂದ ಕೂಡಲೇ ಪೂವಪ್ಪ ಕೆಳಗಿನಿಂದ, ಹೋಟೆಲಿನ ಆರ್ಡರ್ ಕೂಗುವ ದನಿಯಲ್ಲಿ, "ಎರಡು ಸ್ಪೆಷಲ್ ಚಾ!" ಎಂದು ಕೂಗಬೇಕು. ದಪ್ಪ ಮನುಷ್ಯ ಮೂರು ಮಾಳಿಗೆ ಹತ್ತಿ ಬರುವಷ್ಟರಲ್ಲಿ ಅಪ್ಪ ಮೂವತ್ತಾರು ಸುತ್ತು ತಿರುವಿ ಎದ್ದು ನಿಂತಿರಬೇಕು.

ಎಡವಟ್ಟಾದದ್ದು ಸುಂದ್ರವ್ವನ ಮಡಿವಂತಿಕೆಯಿಂದ. ಕಾಲಿಗೆ ಸುತ್ತುವ ಪಟ್ಟಿ ವಾಸನೆ ಹೊಡೆಯುತ್ತದೆ, ಬೀಗರ ಮುಂದೆ ಚೆನ್ನಾಗಿರುವುದಿಲ್ಲ ಎಂದು ಬೆಳಿಗ್ಗೆ ಎದ್ದವಳೇ ಅವನ್ನು ಸೋಡಾಪುಡಿ ಹಾಕಿ ಕುದಿಸಿಬಿಟ್ಟಳು. ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವ ಪಟ್ಟಿಗಳು ಕುದಿದು ಬೆಂದ ಶಾವಿಗೆಯಾದವು. ಹಿಡಿದರೆ ಜೋತುಬೀಳುತ್ತಿದ್ದವು.

"ಆಯೀ, ಇದೇನ್ ಮಾಡ್ದಿ!" ವಿನೋದಿನಿ ತಲೆ ಹಿಡಿದುಕೊಂಡಳು. ಗಂಟೆ ಒಂಬತ್ತಾಗಿತ್ತು. ಸೀರೆ ಸುತ್ತಿ ನೋಡಿದರು, ಆನೆಕಾಲು ರೋಗದವನಂತೆ ಕಂಡ. ಪಂಚೆ ಸಾಲಲಿಲ್ಲ. ಉದ್ದವಾಗಿ, ಅಗಲ ಕಡಿಮೆಯಾಗಿ, ತೆಳ್ಳಗೆ, ಗಟ್ಟಿಯಾಗಿ ಬೇಕಿತ್ತು. ತಾಯಿ ಮಗಳ ಕಣ್ಣು ಒಟ್ಟಿಗೇ ಗೂಟದ ಮೇಲಿನ ರುಮಾಲುಗಳ ಕಡೆಗೆ ತಿರುಗಿದವು.

"ಇಲ್ಲ," ಎಂದ ಗುರಲಿಂಗಪ್ಪ. "ಜೀವ ಹೋದ್ರೂ ಇಲ್ಲ. ತಲಿ ಮ್ಯಾಲಿಂದು ಕಾಲಿಗೆ ಸುತ್ತತೀರಾ?"

"ಜೀವಾನೇ ಹೋಗೋದು ಅಪ್ಪಾ. ಆಮ್ಯಾಲ ತಲಿನೂ ಇಲ್ಲ, ಕಾಲೂ ಇಲ್ಲ," ಎಂದಳು ಮಗಳು.

ಅವನು ಗೋಡೆಯ ಕಡೆ ಮುಖ ಮಾಡಿ ಕಾಲು ಚಾಚಿದ. ಎಡಗಾಲಿಗೆ ಬಿಳಿಯದು, ಬಲಗಾಲಿಗೆ ಗುಲಾಬಿ. ತುದಿಗೊಂದೊಂದು ಪಿನ್ನು. ಮೇಲೆ ಧೋತರ ಇಳಿಬಿಟ್ಟರೆ ಏನೂ ಕಾಣದು. ಆದರೆ ತಲೆಗೆ ಉಳಿದದ್ದು ಏನೂ ಇಲ್ಲ. ಮಗಳ ಮಾವನಾಗುವವನ ಮುಂದೆ ಬರಿತಲೆಯಲ್ಲಿ ಕೂರುವುದಕ್ಕಿಂತ ಆಪರೇಶನ್ನೇ ಸುಖವಾಗಿತ್ತು ಎನಿಸಿತು ಅವನಿಗೆ.

ಸುಂದ್ರವ್ವನ ಅಂದಿನ ಪರಾಕ್ರಮ ಇನ್ನೂ ಮುಗಿದಿರಲಿಲ್ಲ. ಮಗಳ ರೇಷ್ಮೆ ಸೀರೆಯ ಸೆರಗು ತಲೆಯಿಂದ ಜಾರುತ್ತಿತ್ತು, ಮನೆಯಲ್ಲಿ ಬೇರೆ ಪಿನ್ನಿರಲಿಲ್ಲ. ಯಾರಿಗೂ ಹೇಳದೆ ಗಂಡನ ಬಲಗಾಲಿನ ಪಿನ್ನು ಕಿತ್ತು ಮಗಳ ಸೆರಗಿಗೆ ಚುಚ್ಚಿದಳು. ಬಿಗಿಯಾಗಿ ಸುತ್ತಿದ್ದಾರೆ, ಎಲ್ಲಿ ಹೋದೀತು ಎಂಬ ಧೈರ್ಯ.

ಹತ್ತಕ್ಕೆ ಐದು ನಿಮಿಷವಿರುವಾಗ ಕೆಳಗಿನಿಂದ "ಎರಡು ಸ್ಪೆಷಲ್ ಚಾ!" ಕೇಳಿತು. ಗುರಲಿಂಗಪ್ಪ ಮೂವತ್ತಾರು ತಿರುವಿ, ಎದ್ದು, ಕೈಮುಗಿದು ನಿಂತ. ಯಾರೂ ಬರಲಿಲ್ಲ. ಯಾರೋ ಗಿರಾಕಿಗಳು ನಿಜವಾಗಿಯೂ ಎರಡು ಸ್ಪೆಷಲ್ ಚಾ ಕುಡಿಯುತ್ತಿದ್ದರು. ಕೂತ. ಮತ್ತೆ ಕೂಗು, ಮತ್ತೆ ಮೂವತ್ತಾರು, ಮತ್ತೆ ಗಿರಾಕಿಗಳು. ಭಾನುವಾರ ಬೈಕುಲ್ಲಾದಲ್ಲಿ ಎಲ್ಲರಿಗೂ ಸ್ಪೆಷಲ್ಲೇ ಬೇಕು. ಮೂರನೆಯ ಸಲ ಪೂವಪ್ಪನಿಗೇ ಹೊಳೆದು, "ಎರಡು ಸ್ಪೆಷಲ್ ಚಾ! ಇದು ನಿಜದ್ದು!" ಎಂದು ಕೂಗಿದ.

ಅಣವೀರಪ್ಪ ಏದುಸಿರು ಬಿಡುತ್ತ ಹೊಸ್ತಿಲಿಗೆ ಬಂದಾಗ ಗುರಲಿಂಗಪ್ಪ ನೆಟ್ಟಗೆ ನಿಂತಿದ್ದ. "ಶರಣ್ರೀ, ಬರ್ರಿ ಬರ್ರಿ," ಎಂದ. ಹಿಂದೆ ಈರಣ್ಣ ನಾಚಿಕೊಂಡು ನುಸುಳಿದ. ಎಲ್ಲರೂ ಕೂತರು. ಮೊದಲ ಗಂಡಾಂತರ ಕಳೆಯಿತು.

ಅಣವೀರಪ್ಪ ಗುರಲಿಂಗಪ್ಪನ ಬರಿತಲೆಯನ್ನು ನೋಡಿದ. ಎತ್ತರಿಸಿದ ಮಂಚ ನೋಡಿದ. ಉಪ್ಪಿನಕಾಯಿ ಭರಣಿಗಳ ನಡುವೆ ಕೂತ ದೇವರನ್ನು ನೋಡಿದ. "ಹರ್ನಿಯಾ ಅಂದ್ರ ಇಷ್ಟ ಇರ್ತದೇನ್ರಿ?" ಎಂದು ನಾಲ್ಕನೇ ಮಾಳಿಗೆಯ ದನಿಯಲ್ಲಿ ಕೇಳಿದ.

"ತಲಿಗೆ ಗಾಳಿ ಬೇಕಂತ್ರಿ," ಎಂದಳು ಸುಂದ್ರವ್ವ.

"ಹರ್ನಿಯಾಕ್ಕ?"

"ಮುಂಬೈ ಹರ್ನಿಯಾ ಅಲ್ಲೇನ್ರೀ," ಎಂದು ಅವಳು ಒಳಗೆ ಹೋಗಿ ಅವಲಕ್ಕಿ ತಂದಳು.

ಮಾತು ಅಡ್ಡಾಡಿ ಅಡ್ಡಾಡಿ ಬರಬೇಕಾದಲ್ಲಿಗೆ ಬಂತು. ಹುಡುಗಿ ಒಪ್ಪಿಗೆ, ಮನೆತನ ಒಪ್ಪಿಗೆ, ಆದರೆ ನರ್ಸ್ ಕೆಲಸ ಮದುವೆಗೆ ಮುಂಚೆಯೇ ಬಿಡಬೇಕು ಎಂದ ಅಣವೀರಪ್ಪ. "ಯಾರ್ ಯಾರದೋ ಕೈ ಕಾಲು ಮುಟ್ಟೂದು. ನಮ್ಮ ಮನ್ಯಾಗ ಚಲೋ ಕಾಣೂದಿಲ್ಲ."

ಗುರಲಿಂಗಪ್ಪನಿಗೆ ಸಿಟ್ಟು ಬುಸುಗುಟ್ಟಿತು. ಸಿಟ್ಟು ಬಂದರೆ ಕಾಲು ಅಲ್ಲಾಡಿಸುವುದು ಅವನ ಅಭ್ಯಾಸ. ಬಲಗಾಲು ಅಲ್ಲಾಡಿಸಿದ. ತೊಡೆಯ ಮೇಲೆ ಏನೋ ಸಡಿಲಾದದ್ದು ತಿಳಿಯಿತು. ಮಂಡಿ ಒತ್ತಿ ಹಿಡಿದ. ಬಟ್ಟೆ ಮಂಡಿ ದಾಟಿತು. ಮೀನಖಂಡ ಬಿಗಿಮಾಡಿದ. ಅಲ್ಲಿಯೂ ನಿಲ್ಲಲಿಲ್ಲ.

"ಏನಂತೀರಿ?" ಎಂದು ಅಣವೀರಪ್ಪ ಮುಂದಕ್ಕೆ ಬಾಗಿದ.

"ಅನ್ನಾಕ... ಸ್ವಲ್ಪ ತಡೀರಿ," ಎಂದ ಗುರಲಿಂಗಪ್ಪ ಹಲ್ಲು ಕಚ್ಚಿ. ಅಷ್ಟರಲ್ಲಿ ಹನ್ನೆರಡು ಮೊಳದ ಗುಲಾಬಿ ರುಮಾಲು ಧೋತರದ ಅಡಿಯಿಂದ ಸರಸರನೆ ಇಳಿದು, ಎದುರಿಗೆ ಕೂತಿದ್ದ ಅಣವೀರಪ್ಪನ ಎರಡೂ ಪಾದಗಳ ಮೇಲೆ ಗುಡ್ಡೆಯಾಗಿ ಬಿತ್ತು.

ಅಣವೀರಪ್ಪ ಕೆಳಗೆ ನೋಡಿದ. ಮೇಲೆ ಗುರಲಿಂಗಪ್ಪನ ಬರಿತಲೆ ನೋಡಿದ. ಮತ್ತೆ ಕೆಳಗೆ ನೋಡಿದ. ಅವನ ಮುಖದ ರಕ್ತ ಇಳಿಯಿತು. ಬಿಸಿ ಕೆಂಡ ತಾಗಿದವನಂತೆ ಎರಡೂ ಕಾಲು ಮೇಲೆತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡ.

"ಬೀಗರ!" ಎಂದ. ಮೊದಲ ಸಲ ಅವನ ದನಿ ಪಕ್ಕದವರಿಗೆ ಕೇಳುವಷ್ಟೇ ಇತ್ತು. "ಇಷ್ಟ ದೊಡ್ಡ ಮಾತು ಯಾಕ್ರಿ? ರುಮಾಲ ಪಾದಕ್ಕ ಹಾಕಿದ್ರಲ್ರೀ! ನಾ ಏನ್ ಗೌಡನಾ, ದೊರಿಯಾ? ಆತು. ಹುಡುಗಿ ಪರೀಕ್ಷಾ ಕೊಡ್ಲಿ, ಕೆಲಸಾನೂ ಮಾಡ್ಲಿ. ಮೊದಲ ಅದನ್ನ ಎತ್ರಿ!"

ಬಾಗಿಲ ಮರೆಯಲ್ಲಿ ವಿನೋದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. ಸುಂದ್ರವ್ವ ಉಪ್ಪಿನಕಾಯಿ ಸಾಲಿನ ದೇವರಿಗೆ ಕೈಮುಗಿದಳು. ಗುರಲಿಂಗಪ್ಪ ಸುಮ್ಮನೆ ಕೂತಿದ್ದರೆ ಸಾಕಿತ್ತು. ಒಂದು ಮಾತೂ ಆಡದೆ ಮಗಳಿಗೆ ಎರಡೂ ಕೊಡಿಸಿದಂತಾಗಿತ್ತು. ಬೇರೆ ಯಾರಾದರೂ ಕಣ್ಣೊರೆಸಿಕೊಂಡು ನಾಟಕ ಮುಗಿಸುತ್ತಿದ್ದರು.

ಆದರೆ ಅವನಿಗೆ ಕಂಡದ್ದು ಹತ್ತನೆಯ ವಯಸ್ಸಿನಲ್ಲಿ ಕಂಡ ಗೌಡನ ಪಾದ. ಮೈಯೆಲ್ಲ ಉರಿಯಿತು. ಚಾವಿ ಇಲ್ಲ, ಸುತ್ತು ಇಲ್ಲ, ಎಣಿಕೆ ಇಲ್ಲ, ಧಡಕ್ಕನೆ ಎದ್ದು ನಿಂತ.

"ಹಾಕಿದ್ದಲ್ರೀ ಅದು! ಬಿದ್ದದ್ದು! ನನ್ನ ಕಾಲಾಗಿಂದ ಬಿದ್ದದ್ದು! ಗುರಲಿಂಗಪ್ಪನ ರುಮಾಲು ಯಾರ..."

ಮಾತು ಅಲ್ಲಿಗೇ ನಿಂತಿತು. ಅಣವೀರಪ್ಪನ ಮುಖ ದೂರ ದೂರ ಹೋಗಿ ಬಟಾಣಿಯಷ್ಟಾಯಿತು. ಒಮ್ಮೆಲೇ ತಿರುವಿಬಿಟ್ಟೆ ಎಂದು ಗುರಲಿಂಗಪ್ಪನಿಗೆ ಗೊತ್ತಾಗುವಷ್ಟರಲ್ಲಿ ಮೂರನೇ ಮಾಳಿಗೆ ಪೂರ್ತಿ ಒಣಗಿತ್ತು. ಬಿದ್ದ.

"ಮೂರ್ಛೆ!" ಎಂದು ಅಣವೀರಪ್ಪ ಚಾಳಿಗೆಲ್ಲ ಕೇಳುವಂತೆ ಕೂಗಿದ. "ಕೈಯಾಗ ಕಬ್ಬಿಣ ಕೊಡ್ರಿ! ಉಳ್ಳಾಗಡ್ಡಿ ತರ್ರಿ! ಎಬ್ಬಿಸಿ ಕೂಡಸ್ರಿ!" ಈರಣ್ಣ ಸುತ್ತ ನೋಡಿ, ಮೂಲೆಯಲ್ಲಿದ್ದ ಕಬ್ಬಿಣವೆಂದರೆ ಅದೇ ಎಂದು, ಎದೆಯೆತ್ತರದ ಹಳೆಯ ವಾಲ್ವ್ ಚಾವಿಯನ್ನು ಎತ್ತಿ ತಂದು ಮಾವನಾಗುವವನ ಕೈಯಲ್ಲಿಟ್ಟ. ಸುಂದ್ರವ್ವ ಈರುಳ್ಳಿ ತಂದಳು. ಅಣವೀರಪ್ಪ ಎರಡೂ ಕಂಕುಳಿಗೆ ಕೈ ಹಾಕಿ ಎತ್ತತೊಡಗಿದ.

"ಬಿಡ್ರಿ ಅವರನ್ನ!"

ವಿನೋದಿನಿಯ ದನಿ. ವಾರ್ಡಿನಲ್ಲಿ ಕೇಳುವ ದನಿ ಅದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳು ಭಾವೀ ಮಾವನ ಕೈಯನ್ನು ಬಿಡಿಸಿ ಅಪ್ಪನನ್ನು ನೆಲಕ್ಕೆ ಚಪ್ಪಟೆ ಮಲಗಿಸಿದಳು. "ಕೂಡಸಬ್ಯಾಡ್ರಿ, ತಲಿಗೆ ರಕ್ತ ಬೇಕು. ಕಾಲ್ ಎತ್ರಿ. ಎರಡೂ. ಊಪರ್, ಇನ್ನೂ ಊಪರ್! ಬಿಟ್ಟರ ನೋಡ್ರಿ!"

ಅಣವೀರಪ್ಪ ನಾಲ್ಕು ನೂರು ಆಳುಗಳನ್ನು ಗದರಿಸಿದವನು. ಅವನನ್ನು ಗದರಿಸಿದವರು ಈತನಕ ಯಾರೂ ಇರಲಿಲ್ಲ. ತೆಪ್ಪಗೆ ನೆಲಕ್ಕೆ ಕೂತು ಬೀಗನ ಎರಡೂ ಪಾದಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡ. ವಿನೋದಿನಿ ಅಪ್ಪನ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತ ಕೂತಳು.

ಮೂರನೇ ಮಾಳಿಗೆಗೆ ನೀರು ಹತ್ತಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗುರಲಿಂಗಪ್ಪ ಕಣ್ಣು ಬಿಟ್ಟ. ಎದೆಯ ಮೇಲೆ ಪಾಲಿಕೆಯ ಚಾವಿ, ಮೂಗಿನ ಹತ್ತಿರ ಉಳ್ಳಾಗಡ್ಡಿ, ತನ್ನ ಪಾದಗಳ ನಡುವೆ ಅಣವೀರಪ್ಪನ ಮುಖ. ಸತ್ತಿದ್ದೇನೆ, ಇದು ಯಮಲೋಕ ಎಂದುಕೊಂಡ. ಆದರೆ ಯಮಲೋಕದಲ್ಲಿ ಪೂವಪ್ಪ ಬಾಗಿಲಲ್ಲಿ ನಿಂತು ಮಜ್ಜಿಗೆ ಲೋಟ ಹಿಡಿದಿರಲಾರ.

"ಬೀಗರ, ಬಿಡ್ರಿ ಕಾಲು," ಎಂದ ಸಂಕೋಚದಿಂದ.

"ಅಕಿ ಬಿಡು ಅನ್ನೂಮಟ ಬಿಡಂಗಿಲ್ಲ," ಎಂದ ಅಣವೀರಪ್ಪ.

ಈಗ ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ವಿನೋದಿನಿಯೇ ಎಲ್ಲ ಹೇಳಿದಳು. ಹರ್ನಿಯಾ ಅಲ್ಲ, ದೊಡ್ಡ ರಕ್ತನಾಳ. ಮೂರ್ಛೆ ರೋಗವಲ್ಲ, ತಲೆಗೆ ರಕ್ತ ಕಡಿಮೆ ಏರುವುದು. ಕಾಲಿಗೆ ಪಟ್ಟಿ, ಪಟ್ಟಿ ಬೆಂದದ್ದು, ರುಮಾಲು ಸುತ್ತಿದ್ದು. ಅವಳ ಕನ್ನಡ ನಡುನಡುವೆ ಹಿಂದಿಗೆ ಹೋಗಿ ಬಂತು. ಅಣವೀರಪ್ಪ ಹೆಗಲ ಮೇಲಿನ ಪಾದ ಅಲ್ಲಾಡದಂತೆ ಹಿಡಿದು ಕೇಳಿದ. ಅವಳ ಮಾತು ಮುಗಿಯುತ್ತಲೇ ಅವನ ಕಣ್ಣು ತುಂಬಿದ್ದನ್ನು ಗುರಲಿಂಗಪ್ಪ ಕಂಡ.

"ನಮ್ಮಕಿ, ಈರಣ್ಣನ ಅವ್ವ, ಹಿಂಗ ಬಿದ್ಲು," ಎಂದ ಅಣವೀರಪ್ಪ. "ನಿಂತ ನಿಂತಲ್ಲೇ. ನಾವು ಎಬ್ಬಿಸಿ ಕೂಡಿಸಿದ್ವಿ, ಗ್ವಾಡಿಗೆ ಆನಿಸಿ ಕೂಡಿಸಿದ್ವಿ. ಕೈಯಾಗ ಕಬ್ಬಿಣ ಕೊಟ್ವಿ. ಅರ್ಧಾ ತಾಸು. ಕಾಲ್ ಎತ್ತಬೇಕಂತ ಹೇಳಾವ್ರು ಒಬ್ರೂ ಇರ್ಲಿಲ್ಲ."

ಈರಣ್ಣ ಗೋಡೆ ನೋಡುತ್ತಿದ್ದ. ವಿನೋದಿನಿ ಅಪ್ಪನ ಕೈ ಬಿಟ್ಟು ಅಣವೀರಪ್ಪನ ಹತ್ತಿರ ಕೂತಳು.

"ಅವರಿಗೆ ಏನಾಗಿತ್ತೋ ಯಾರಿಗೂ ಗೊತ್ತಿಲ್ಲ ಮಾವಾರ. ಎತ್ತಿದ್ರೂ ಉಳೀತಿದ್ರು ಅಂತ ಹೇಳಾಕ ಆಗೂದಿಲ್ಲ. ನಿಮ್ದು ತಪ್ಪ ಅಲ್ಲ." ಆ ಒಂದು ಮಾತನ್ನು ಅವಳು ಒಂದೇ ಒಂದು ಹಿಂದಿ ಶಬ್ದವಿಲ್ಲದೆ ಹೇಳಿದಳು.

ಅಣವೀರಪ್ಪ ಹೆಗಲಿನಿಂದಲೇ ಕಣ್ಣೊರೆಸಿಕೊಳ್ಳಲು ಹೋಗಿ ಗುರಲಿಂಗಪ್ಪನ ಹಿಮ್ಮಡಿಗೆ ಮುಖ ಒರೆಸಿದ. "ನೀ ಕೆಲಸ ಬಿಟ್ಟರ ನಮ್ಮ ಮನಿಗೆ ಬರಬ್ಯಾಡ ನೋಡವ್ವ," ಎಂದ. "ಸೈಟಿನ್ಯಾಗ ನಾಕ್ ನೂರ್ ಮಂದಿ ಅದಾರ. ಬಿದ್ದರ ನಾ ಉಳ್ಳಾಗಡ್ಡಿ ಹುಡಕ್ಕೋತ ಅಡ್ಡಾಡ್ತೀನಿ." ಆಮೇಲೆ ಒಂದು ಕೈ ಚಾಚಿ ನೆಲದ ಮೇಲಿನ ಗುಲಾಬಿ ರುಮಾಲನ್ನು ಎತ್ತಿಕೊಂಡು, ಮಡಿಸಿ, ಮಲಗಿದ್ದವನ ಬರಿತಲೆಯ ಕೆಳಗೆ ದಿಂಬಿನಂತೆ ಇಟ್ಟ. "ನಿಮ್ಮ ರುಮಾಲು ಯಾರ ಪಾದಕ್ಕೂ ಬಿದ್ದಿಲ್ರೀ ಬೀಗರ. ಬಿದ್ದದ್ದ ನಾ ನೋಡೇ ಇಲ್ಲ."

ಗುರಲಿಂಗಪ್ಪ ತಲೆಯ ಕೆಳಗಿನ ರುಮಾಲನ್ನು ಕೈಯಿಂದ ಮುಟ್ಟಿ ನೋಡಿದ. ಪೂವಪ್ಪ, "ಮಜ್ಜಿಗೆ ಬಿಸಿಯಾಗ್ತದೆ ಮಾರಾಯ್ರೆ," ಎಂದು ಎಲ್ಲರನ್ನೂ ಬದುಕಿಸಿದ.

ಪರೀಕ್ಷೆ ಮುಗಿದ ಮೇಲೆ ಆಗಸ್ಟಿನಲ್ಲಿ ಮದುವೆಯಾಯಿತು. ಬೀಗರಿಗೆ ರುಮಾಲು ಉಡುಗೊರೆ ಕೊಡುವುದು ಪದ್ಧತಿ. ಅಣವೀರಪ್ಪ ತಟ್ಟೆಯಲ್ಲಿ ಮೂರು ಇಟ್ಟು ತಂದ. "ಒಂದು ತಲಿಗೆ, ಎರಡು ಕಾಲಿಗೆ," ಎಂದು ಹಾಲ್ ತುಂಬ ಕೇಳುವಂತೆ ಹೇಳಿದ. ಕಾಲಿನವು ತಲೆಯದಕ್ಕಿಂತ ಎರಡು ಮೊಳ ಉದ್ದವಿದ್ದವು, ತುದಿಗೆ ಪಿನ್ನೂ ಚುಚ್ಚಿತ್ತು. ಡಾಕ್ಟರು ಪಟ್ಟಿ ಸಾಕು ಎಂದು ಒಂದು ತಿಂಗಳಾಗಿತ್ತು. ಗುರಲಿಂಗಪ್ಪ ಅದನ್ನು ಹೇಳಲಿಲ್ಲ. ಮೂಲೆಯಲ್ಲಿ ಕೂತು ಎರಡನ್ನೂ ಸುತ್ತಿಸಿಕೊಂಡ.

ಅಕ್ಕಿಕಾಳು ಹಾಕುವ ಹೊತ್ತಿಗೆ ಮದುವೆ ಮಾಡಿಸುವ ಅಯ್ಯನವರು, "ಹುಡುಗಿ ತಂದಿ ಎದ್ದ ನಿಲ್ರಿ," ಎಂದರು. ಗುರಲಿಂಗಪ್ಪ ಕುರ್ಚಿಯ ಅಂಚಿಗೆ ಸರಿದು, ಗಾಳಿಯಲ್ಲಿ ಚಾವಿ ಹಿಡಿದ. ಅಯ್ಯನವರು ಗಾಬರಿಯಾಗಿ ನೋಡಿದರು. ಪಕ್ಕದ ಕುರ್ಚಿಗೆ ಬಂದು ಕೂತ ಅಣವೀರಪ್ಪ ತಾನೂ ಎರಡೂ ಕೈ ಮುಂದೆ ಚಾಚಿ, ಚಾವಿಯ ಇನ್ನೊಂದು ತುದಿ ಹಿಡಿದು, ನಾಲ್ಕನೇ ಮಾಳಿಗೆಯ ದನಿಯಲ್ಲಿ ಎಣಿಸತೊಡಗಿದ. ನೆರೆದ ಮಂದಿ ಮುಷ್ಟಿಯಲ್ಲಿ ಅಕ್ಕಿ ಹಿಡಿದುಕೊಂಡು ಕಾದರು. ಮೂವತ್ತಾರಕ್ಕೆ ಇಬ್ಬರೂ ಕೂಡಿಯೇ ಎದ್ದು ನಿಂತರು.